ಅರುವತ್ತು ದಾಟಿದ ಮಹಿಳೆಯರಿಗೆ ಕಾಲಿನ ಬಲ, ರಾತ್ರಿಯ ನಿದ್ದೆ: ಹಂತ ಹಂತದ ಮಾರ್ಗದರ್ಶಿ

ಉಡುಪಿಯ ಕಲ್ಸಂಕದ ಹತ್ತಿರದ ಒಂದು ಮನೆ. ಮಂಡಿನೋವು ನೋಡಲು ಹೋಗಿದ್ದ ನನ್ನನ್ನು ಚಾವಡಿಯಲ್ಲಿ ಕೂರಿಸಿಕೊಂಡ ಅರುವತ್ತೆಂಟರ ಆ ಅಮ್ಮ ಮೊದಲು ಹೇಳಿದ್ದು ಮಂಡಿಯ ಮಾತಲ್ಲ, ನಿದ್ದೆಯ ಮಾತು. "ರಾತ್ರಿ ಎರಡೂವರೆಗೆ ಎಚ್ಚರವಾದರೆ ಮುಗಿಯಿತು ಮಗಳೇ. ಕೋಳಿ ಕೂಗುವವರೆಗೆ ಮಾಡು ನೋಡುತ್ತಾ ಮಲಗುವುದು. ಡಾಕ್ಟರರಿಗೆ ಹೇಳಿ ಒಂದು ಮಾತ್ರೆ ಬರೆಸಿಕೊಡು" ಎಂದರು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಏಳಲು ಹೇಳಿದೆ. ಮೊದಲ ಸಲ ಏಳಲಾಗಲಿಲ್ಲ. ಎರಡನೆಯ ಸಲ ತೊಡೆಗೆ ಕೈಯೂರಿ ಎದ್ದರು.

ನಾನು ಫಿಸಿಯೊಥೆರಪಿಸ್ಟ್. ಉಡುಪಿ ಮತ್ತು ಮಂಗಳೂರಿನ ಮನೆಗಳಿಗೆ ಹೋಗಿ ವಯಸ್ಸಾದ ಹೆಂಗಸರಿಗೆ ವ್ಯಾಯಾಮ ಕಲಿಸುವುದು ನನ್ನ ಕೆಲಸ. ನಿದ್ದೆ ಬಾರದ ದೂರು ಮತ್ತು ಕುರ್ಚಿಯಿಂದ ಏಳಲಾಗದ ಕಾಲು, ಇವೆರಡನ್ನೂ ಒಂದೇ ಮನೆಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಸೊಂಟ, ತೊಡೆ, ಮೀನಖಂಡಗಳು ಸೋತ ಮೇಲೆ ಹಗಲಿಡೀ ಕುಳಿತಿರುವುದು ಹೆಚ್ಚುತ್ತದೆ, ಮಧ್ಯಾಹ್ನ ಉದ್ದದ ಜೊಂಪು ಬರುತ್ತದೆ, ಅಂಗಳಕ್ಕೆ ಇಳಿಯುವುದು ಕಡಿಮೆಯಾಗಿ ಹಗಲಿನ ಬೆಳಕೂ ಸಿಗುವುದಿಲ್ಲ. ರಾತ್ರಿಯ ನಿದ್ದೆ ಅಲ್ಲಿಂದಲೇ ಸಡಿಲಗೊಳ್ಳುತ್ತದೆ. ನಿದ್ದೆಗೆಟ್ಟ ಮರುದಿನ ಕಾಲು ಇನ್ನಷ್ಟು ಭಾರ. ಈ ಗಂಟನ್ನು ಕಾಲಿನ ಕಡೆಯಿಂದ ಬಿಚ್ಚಲು ತೊಡಗಬೇಕು ಎನ್ನುವುದು ನನ್ನ ದೃಢವಾದ ನಂಬಿಕೆ.

"ಬೆಳಗಿನಿಂದ ರಾತ್ರಿಯವರೆಗೆ ಮನೆಕೆಲಸ ಮಾಡುತ್ತೇನೆ, ಇನ್ನು ವ್ಯಾಯಾಮ ಯಾಕೆ?" ಎಂದು ಬಹಳ ಮಂದಿ ಕೇಳುತ್ತಾರೆ. ಆ ದುಡಿಮೆಗೆ ನನಗೆ ಅಪಾರ ಗೌರವವಿದೆ. ಆದರೆ ಪಾತ್ರೆ ತೊಳೆಯುವಾಗ, ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುವಾಗ, ತರಕಾರಿ ಹೆಚ್ಚುವಾಗ ದಣಿಯುವುದು ಬೆನ್ನು, ಭುಜ, ಕುತ್ತಿಗೆ. ತೊಡೆಯ ದೊಡ್ಡ ಸ್ನಾಯುಗಳಿಗೆ ಅದರಿಂದ ಏನೂ ಸಿಗುವುದಿಲ್ಲ.

ಹಂತ 1: ಮೊದಲು ವೈದ್ಯರ ಒಪ್ಪಿಗೆ

ನಡೆಯುವಾಗ ಎದೆನೋವು ಅಥವಾ ಎದೆ ಬಿಗಿತ, ಎದ್ದು ನಿಂತಾಗ ಕಣ್ಣು ಕತ್ತಲೆ, ಇತ್ತೀಚೆಗೆ ಬಿದ್ದದ್ದು ಅಥವಾ ಮೂಳೆ ಮುರಿದದ್ದು, ಹತೋಟಿಗೆ ಬಾರದ ರಕ್ತದೊತ್ತಡ, ಮಧುಮೇಹದಿಂದ ಪಾದ ಮರಗಟ್ಟುವುದು ಇವುಗಳಲ್ಲಿ ಯಾವುದಿದ್ದರೂ ವೈದ್ಯರನ್ನು ಕಂಡೇ ಆರಂಭಿಸಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ವಾಕಿಂಗ್ ಹೊರಡಬಾರದು.

ಹಂತ 2: 14 ದಿನ ಬರೆದಿಡಿ

ಒಂದು ಹಳೆಯ ನೋಟ್‌ಪುಸ್ತಕ ಸಾಕು. ಬೆಳಿಗ್ಗೆ ಚಾ ಕುಡಿಯುವಾಗ ಹಿಂದಿನ ರಾತ್ರಿಯದನ್ನು ಬರೆಯಿರಿ. ಹಾಸಿಗೆಗೆ ಹೋದದ್ದು ಎಷ್ಟು ಗಂಟೆಗೆ, ಸುಮಾರು ಎಷ್ಟಕ್ಕೆ ನಿದ್ದೆ ಬಂತು, ಎಷ್ಟು ಸಲ ಎಚ್ಚರವಾಯಿತು ಮತ್ತು ಯಾಕೆ, ಕೊನೆಗೆ ಎದ್ದದ್ದು ಯಾವಾಗ. ಮೂತ್ರಕ್ಕೆ ಎದ್ದದ್ದು, ಮೈ ಬಿಸಿಯೇರಿ ಬೆವರಿದ್ದು, ಕಾಲು ಸೆಳೆತ, ಮೊಮ್ಮಗನ ಅಳು, ಎಲ್ಲವನ್ನೂ ಸೇರಿಸಿ. ಜೊತೆಗೆ ಮಧ್ಯಾಹ್ನದ ನಿದ್ದೆ, ಚಾ ಮತ್ತು ಕಾಫಿಯ ಹೊತ್ತು, ಎಷ್ಟು ನಿಮಿಷ ನಡೆದಿರಿ ಎಂಬುದು. ರಾತ್ರಿ ಗಡಿಯಾರ ನೋಡಿ ಬರೆಯಬೇಡಿ, ಅಂದಾಜು ಸಾಕು.

ಎರಡು ವಾರದ ಕೊನೆಗೆ ಒಂದು ಸಣ್ಣ ಲೆಕ್ಕ. ಕಲ್ಸಂಕದ ಆ ಅಮ್ಮ 9ಕ್ಕೆ ಮಲಗಿ 6ಕ್ಕೆ ಏಳುತ್ತಿದ್ದರು. ಹಾಸಿಗೆಯಲ್ಲಿ 9 ಗಂಟೆ ಇದ್ದರೂ ನಿದ್ದೆ ಮಾಡಿದ್ದು ಐದೂವರೆ ಗಂಟೆ, ಅಂದರೆ ಹಾಸಿಗೆಯಲ್ಲಿದ್ದ ಹೊತ್ತಿನ ಶೇಕಡಾ 61. ಈ ಪ್ರಮಾಣ 85ರ ಆಸುಪಾಸಿನಲ್ಲಿದ್ದರೆ ಒಳ್ಳೆಯ ನಿದ್ದೆ ಎನ್ನುತ್ತಾರೆ. 65 ದಾಟಿದವರಿಗೆ 7ರಿಂದ 8 ಗಂಟೆಯ ನಿದ್ದೆ ಸಾಮಾನ್ಯವಾಗಿ ಸೂಚಿಸುವ ಅಳತೆ. ಗಾಢ ನಿದ್ದೆಯ ಪಾಲು ವಯಸ್ಸಿನೊಂದಿಗೆ ಕಡಿಮೆಯಾಗುವುದು ಸಹಜ, ನಡುವೆ ಒಂದೆರಡು ಸಲ ಎಚ್ಚರವಾಗುವುದೂ ಸಹಜ. ಇಷ್ಟು ತಿಳಿದ ಮೇಲೆಯೇ ಕೆಲವರ ಅರ್ಧ ಚಿಂತೆ ಇಳಿದದ್ದನ್ನು ನೋಡಿದ್ದೇನೆ.

ಹಂತ 3: ಮನೆಯಲ್ಲೇ ಮೂರು ಅಳತೆ

ಮೊದಲನೆಯದು ಕುರ್ಚಿಯದು. ಕೈಯಿಲ್ಲದ ಗಟ್ಟಿ ಮರದ ಕುರ್ಚಿಯನ್ನು ಗೋಡೆಗೆ ಆನಿಸಿ ಇಡಿ. ಟೈಲ್ಸ್ ನೆಲದ ಮೇಲೆ ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ದಯವಿಟ್ಟು ಬೇಡ. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲಬಲ್ಲಿರಿ ಎಂದು ಇನ್ನೊಬ್ಬರಿಂದ ಎಣಿಸಿ. ಮಹಿಳೆಯರಲ್ಲಿ 60ರಿಂದ 64 ವಯಸ್ಸಿಗೆ 12, 65ರಿಂದ 69ಕ್ಕೆ 11, 70ರಿಂದ 79ಕ್ಕೆ 10, 80ರಿಂದ 84ಕ್ಕೆ 9. ಇದಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸರಾಸರಿಗಿಂತ ಕೆಳಗಿದೆ, ಬೀಳುವ ಅಪಾಯವಿದೆ ಎಂದು ಅರ್ಥ. ಕೈಯೂರಿ ಎದ್ದರೆ ಲೆಕ್ಕ ಸೊನ್ನೆ. ಸೊನ್ನೆ ಬಂದರೂ ನೊಂದುಕೊಳ್ಳಬೇಡಿ, ಮೊದಲ ದಿನ ಸೊನ್ನೆ ಬಂದ ಎಷ್ಟೋ ಮಂದಿ ನನ್ನ ಪುಸ್ತಕದಲ್ಲಿದ್ದಾರೆ.

ಎರಡನೆಯದು ಸಮತೋಲನ. ಅಡುಗೆಕಟ್ಟೆಯ ಪಕ್ಕ ನಿಂತು ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಹೆಬ್ಬೆರಳಿಗೆ ತಾಗಿಸಿ ಒಂದೇ ಗೆರೆಯಲ್ಲಿ ನಿಲ್ಲಿ. 10 ಸೆಕೆಂಡ್ ನಿಲ್ಲಲಾಗದಿದ್ದರೆ ಹಂತ 6 ನಿಮಗೆ ಎಲ್ಲಕ್ಕಿಂತ ಮುಖ್ಯ. ಮೂರನೆಯದು ನಡಿಗೆ. 4 ಮೀಟರ್ ಅಳೆದು ಗುರುತು ಹಾಕಿ, ಎಂದಿನ ನಡಿಗೆಯಲ್ಲಿ ದಾಟಿ. 5 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ವೈದ್ಯರಿಗೆ ತಿಳಿಸಿ.

ಹಂತ 4: ಕಾಲಿಗೆ ಬಲ, ವಾರಕ್ಕೆ ಎರಡು ದಿನವಾದರೂ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ, ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ, ಕನಿಷ್ಠ ಮೂರು ದಿನ ಸಮತೋಲನದ ಅಭ್ಯಾಸ ಬೇಕು. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದು ವಾಕಿಂಗ್ ಮಾತ್ರ. ಉಳಿದೆರಡನ್ನು ಕೈಬಿಟ್ಟದ್ದರ ಫಲವನ್ನು ನಾನು ಸೊಂಟದ ಮೂಳೆ ಮುರಿದು ಮಲಗಿದವರ ಹಾಸಿಗೆಯ ಬಳಿ ನೋಡುತ್ತೇನೆ.

ಎಲ್ಲಕ್ಕೂ ತಾಯಿಬೇರು ಕುಳಿತು ಏಳುವುದು. ಅದೇ ಮರದ ಕುರ್ಚಿಯ ಅಂಚಿಗೆ ಸರಿದು ಕುಳಿತುಕೊಳ್ಳಿ. ಪಾದಗಳು ಸೊಂಟದಷ್ಟು ಅಗಲ, ಹಿಮ್ಮಡಿ ಮಂಡಿಗಿಂತ ತುಸು ಹಿಂದೆ. ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಉಸಿರು ಬಿಡುತ್ತಾ ಏಳಿ. ಕೂರುವಾಗ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸುತ್ತಾ ನಿಧಾನವಾಗಿ ಇಳಿಯಿರಿ. ಧೊಪ್ಪನೆ ಬಿದ್ದರೆ ಸ್ನಾಯುವಿಗೆ ಪ್ರಯೋಜನವಿಲ್ಲ, ಬೆನ್ನಿಗೆ ಪೆಟ್ಟು. ಮಂಡಿ ನೋಯುವವರು ಕುರ್ಚಿಯ ಮೇಲೆ ಗಟ್ಟಿ ದಿಂಬು ಅಥವಾ ಮಡಿಸಿದ ಕಂಬಳಿ ಹಾಕಿ ಎತ್ತರ ಮಾಡಿಕೊಳ್ಳಿ. ಮೂರು ವಾರ ಕಳೆದ ಮೇಲೆ ಒಂದು ಮಡಿಕೆ ಕಡಿಮೆ ಮಾಡಿ. ಮೊದಲ ವಾರ ಐದೈದರಂತೆ ಎರಡು ಸುತ್ತು, ನಡುವೆ ಎರಡು ನಿಮಿಷ ವಿಶ್ರಾಂತಿ. ಹತ್ತು ಸಲ ಸುಲಭವಾದಾಗ ಸುತ್ತು ಮೂರಾಗಲಿ. ಅದೂ ಸುಲಭವಾದರೆ ಒಂದು ಕಿಲೋ ಕುಚ್ಚಲಕ್ಕಿಯ ಚೀಲವನ್ನು ಎದೆಗವಚಿಕೊಂಡು ಏಳಿ. ಕೊನೆಯ ಎರಡು ಸಲ ಕಷ್ಟವೆನಿಸಬೇಕು, ಆಗಲೇ ಸ್ನಾಯು ಬೆಳೆಯುವುದು.

ಬಳಿಕ ಅಡುಗೆಕಟ್ಟೆಯನ್ನು ಹಿಡಿದು ಹಿಮ್ಮಡಿ ಎತ್ತುವುದು, 10 ಸಲ. ಒಂದು ಕಾಲನ್ನು ನೇರವಾಗಿ ಪಕ್ಕಕ್ಕೆ ಚಾಚಿ ತರುವುದು, ಎರಡೂ ಬದಿ ಹತ್ತತ್ತು. ಗೋಡೆಗೆ ಅಂಗೈಯಾನಿಸಿ ಮೊಣಕೈ ಮಡಚಿ ಮುಂದೆ ಹೋಗಿ ಹಿಂದೆ ತಳ್ಳುವುದು, 10 ಸಲ. ಉಸಿರು ಬಿಗಿಹಿಡಿಯಬೇಡಿ, ರಕ್ತದೊತ್ತಡ ಏರುತ್ತದೆ. ಸೋಮವಾರ ಮತ್ತು ಗುರುವಾರ ಎಂದು ದಿನ ಗೊತ್ತುಮಾಡಿಕೊಂಡರೆ ನಡುವೆ ವಿಶ್ರಾಂತಿಯೂ ಸಿಗುತ್ತದೆ. ಮರುದಿನ ತೊಡೆಯಲ್ಲಿ ಹಿತವಾದ ನೋವಿದ್ದರೆ ಸರಿ. ಮಂಡಿ ಊದಿಕೊಂಡರೆ ಅಥವಾ ಚುಚ್ಚಿದಂತಾದರೆ ಎತ್ತರ ಹೆಚ್ಚಿಸಿ, ಸಂಖ್ಯೆ ಇಳಿಸಿ.

ಹಂತ 5: ನಡಿಗೆಯ ಹೊತ್ತನ್ನು ನಿದ್ದೆ ನೋಡಿ ಆರಿಸಿ

ಎಲ್ಲರೂ ಬೆಳಿಗ್ಗೆಯೇ ನಡೆಯಬೇಕೆಂದಿಲ್ಲ. ವಯಸ್ಸಾದಂತೆ ದೇಹದ ಒಳಗಡಿಯಾರ ಮುಂದಕ್ಕೆ ಓಡುತ್ತದೆ. ಎಂಟೂವರೆಗೇ ಕಣ್ಣು ಕೂರುತ್ತದೆ, ಮೂರಕ್ಕೆ ತೆರೆದುಕೊಳ್ಳುತ್ತದೆ. ಅಂಥವರಿಗೆ ಸಂಜೆಯ ಬೆಳಕು ಔಷಧ. ಐದೂವರೆಯಿಂದ ಸೂರ್ಯ ಮುಳುಗುವವರೆಗಿನ ಬೆಳಕು ಕಣ್ಣಿಗೆ ಬಿದ್ದರೆ ಗಡಿಯಾರ ಹಿಂದಕ್ಕೆ ಸರಿಯುತ್ತದೆ. ಪಶ್ಚಿಮಕ್ಕೆ ತೆರೆದ ಕಡಲು ನಮಗಿರುವುದು ಭಾಗ್ಯ. ಮಲ್ಪೆ, ಪಣಂಬೂರು, ತಣ್ಣೀರುಬಾವಿ ಎಲ್ಲಾದರೂ ಸರಿ. ಇದಕ್ಕೆ ವಿರುದ್ಧವಾಗಿ, ಹನ್ನೆರಡಾದರೂ ನಿದ್ದೆ ಬಾರದೆ ಬೆಳಿಗ್ಗೆ ಏಳಲಾಗದವರು ಏಳು ಗಂಟೆಯ ಬೆಳಕಿನಲ್ಲಿ ನಡೆಯಬೇಕು. ನಿಮ್ಮದು ಯಾವ ಬಗೆ ಎಂದು ಹಂತ 2ರ ಪುಸ್ತಕ ಹೇಳುತ್ತದೆ.

ವೇಗಕ್ಕೆ ಅಳತೆ ಮಾತು. ಜೊತೆಯವರೊಂದಿಗೆ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಮೊದಲ ಎರಡು ವಾರ ದಿನಕ್ಕೆ 10 ನಿಮಿಷ, ಬಳಿಕ ವಾರವಾರವೂ 5 ನಿಮಿಷ ಸೇರಿಸಿ 30ಕ್ಕೆ ತನ್ನಿ. ಹತ್ತತ್ತು ನಿಮಿಷದ ಮೂರು ನಡಿಗೆಯೂ ಅಷ್ಟೇ ಒಳ್ಳೆಯದು.

ಜಾಗದ ಬಗ್ಗೆ ಎರಡು ಮಾತು. ಕಡಲ ತೀರದ ಒಣ ಮರಳಿನಲ್ಲಿ ಪಾದ ಹೂತು ಮಂಡಿ ತಿರುಚುತ್ತದೆ. ನೀರಿನ ಅಂಚಿನ ಗಟ್ಟಿ ಮರಳು ಉತ್ತಮ, ಆದರೆ ಅದು ಇಳಿಜಾರು. ಹೋಗುವಾಗ ಒಂದು ಸೊಂಟಕ್ಕೆ ಬಿದ್ದ ಭಾರ ಬರುವಾಗ ಇನ್ನೊಂದಕ್ಕೆ ಬೀಳಲಿ, ಹೋದ ದಾರಿಯಲ್ಲೇ ಹಿಂತಿರುಗಿ. ಸಮತೋಲನ ಕಡಿಮೆ ಇರುವವರಿಗೆ ಕದ್ರಿ ಪಾರ್ಕಿನಂಥ, ಅಜ್ಜರಕಾಡಿನ ಭುಜಂಗ ಪಾರ್ಕಿನಂಥ ಕಡೆಯ ಸಮತಟ್ಟಾದ ದಾರಿಯೇ ಸೂಕ್ತ. ದೇವಸ್ಥಾನದ ಪ್ರದಕ್ಷಿಣೆಯೂ ನಡಿಗೆಯೇ. ಆದರೆ ಪಾದ ಮರಗಟ್ಟಿದ ಮಧುಮೇಹಿಗಳು ಏಪ್ರಿಲ್‌ನ ಕಾದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ಹೋಗಬೇಡಿ. ಸುಟ್ಟದ್ದು ಗೊತ್ತೇ ಆಗುವುದಿಲ್ಲ, ಮನೆಗೆ ಬಂದ ಮೇಲೆ ಗುಳ್ಳೆ ಕಾಣುತ್ತದೆ. ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರುವುದನ್ನು ಕೊಳ್ಳಿ.

ಮಳೆಗಾಲ ನಮ್ಮೂರಿನ ನಿಜವಾದ ಪರೀಕ್ಷೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಆಟಿ ತಿಂಗಳಲ್ಲಂತೂ ಅಂಗಳದ ಮುರಕಲ್ಲಿನ ಮೇಲೆಲ್ಲ ಪಾಚಿ. ನಾಲ್ಕು ತಿಂಗಳು ನಡಿಗೆ ನಿಂತರೆ ಬೇಸಿಗೆಯಲ್ಲಿ ಗಳಿಸಿದ್ದೆಲ್ಲ ಕೊಚ್ಚಿಹೋಗುತ್ತದೆ. ಆದ್ದರಿಂದ ಮೇ ತಿಂಗಳಲ್ಲೇ ಮನೆಯೊಳಗಿನ ದಾರಿ ಗೊತ್ತುಮಾಡಿ. ಚಾವಡಿಯಿಂದ ಅಡುಗೆಮನೆ, ಅಲ್ಲಿಂದ ಹಿತ್ತಿಲ ಬಾಗಿಲು, ಮತ್ತೆ ಚಾವಡಿ. ದಾರಿಯಲ್ಲಿನ ಕಾಲೊರಸನ್ನು ತೆಗೆದಿಡಿ. ಫ್ಲ್ಯಾಟಿನಲ್ಲಿರುವವರಿಗೆ ಕಾರಿಡಾರ್ ಇದೆ. ಬಾವಿಕಟ್ಟೆಗೆ, ಬಚ್ಚಲಿಗೆ ಹೋಗುವ ಜಾಗದ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ. ಆ ಕೆಲಸವನ್ನು ಮಗನೋ ಮೊಮ್ಮಗನೋ ಮಾಡಲಿ, ನೀವಲ್ಲ.

ಹಂತ 6: ಬೀಳದಂತೆ ನಿಲ್ಲುವುದು

ಅಡುಗೆಕಟ್ಟೆಗೆ ಮುಖ ಮಾಡಿ ನಿಂತು, ಎರಡು ಬೆರಳಷ್ಟೇ ತಾಗಿಸಿ, ಒಂದು ಕಾಲಿನ ಮೇಲೆ 10 ಸೆಕೆಂಡ್ ನಿಲ್ಲಿ. ಬದಲಿಸಿ. ಹಾಲು ಕಾಯುವಾಗ, ಕುಕ್ಕರ್ ಕೂಗುವುದನ್ನು ಕಾಯುವಾಗ ಮಾಡಬಹುದು. ಬಳಿಕ ಕಟ್ಟೆಯುದ್ದಕ್ಕೆ ಹಿಮ್ಮಡಿಗೆ ಬೆರಳು ತಾಗಿಸುತ್ತಾ ಗೆರೆಯ ಮೇಲೆ ನಡೆದಂತೆ ಹೋಗಿ ಬನ್ನಿ. ವಾರಕ್ಕೆ ಮೂರು ದಿನ ಸಾಕು.

ಹಂತ 7: ಹಗಲಿನ ಊಟ, ಚಾ, ಜೊಂಪು

ಸ್ನಾಯುವಿಗೆ ಪ್ರೋಟೀನ್ ಬೇಕು. ವಯಸ್ಸಾದವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ, ಅಂದರೆ 55 ಕಿಲೋ ತೂಕದವರಿಗೆ 55ರಿಂದ 66 ಗ್ರಾಂ ಎಂದು ತಜ್ಞರು ಸೂಚಿಸುತ್ತಾರೆ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರ ಮಾತಿನಂತೆ ನಡೆಯಬೇಕು. ನಮ್ಮ ಅಮ್ಮಂದಿರು ಎಲ್ಲರಿಗೂ ಬಡಿಸಿ ಕೊನೆಗೆ ಗಂಜಿ, ಉಪ್ಪಿನಕಾಯಿಯಲ್ಲಿ ಮುಗಿಸುತ್ತಾರೆ. ನನಗೆ ಅತ್ಯಂತ ಸಂಕಟ ತರುವ ದೃಶ್ಯವಿದು. ಕುಚ್ಚಲಕ್ಕಿ ಗಂಜಿ ಒಳ್ಳೆಯದೇ, ಅದರ ಜೊತೆ ಹುರುಳಿ ಅಥವಾ ಹೆಸರುಕಾಳಿನ ಪಲ್ಯ ಇರಲಿ. ಮೀನು ತಿನ್ನುವವರು ಬಂಗುಡೆಯ ದೊಡ್ಡ ತುಂಡನ್ನು ಮಗನಿಗೆ ಎತ್ತಿಡದೆ ತಾವೇ ತಿನ್ನಿ. ನೂರು ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ. ರಾತ್ರಿಯ ಉಪ್ಪಿನಕಾಯಿ, ಉಪ್ಪುಮೀನು ಬಿಟ್ಟರೆ ಬಾಯಾರಿಕೆಯೂ ತಗ್ಗುತ್ತದೆ, ಮೂತ್ರಕ್ಕೆ ಏಳುವುದೂ ತಗ್ಗಬಹುದು.

ಕೆಫೀನ್‌ನ ಅರ್ಧದಷ್ಟು ದೇಹದಿಂದ ಹೊರಹೋಗಲು ಸುಮಾರು 5 ಗಂಟೆ ಬೇಕು. ಸಂಜೆ ಐದರ ಕಾಫಿ ರಾತ್ರಿ ಹತ್ತಕ್ಕೂ ಅರ್ಧ ಉಳಿದಿರುತ್ತದೆ. ಕೊನೆಯ ಚಾ ಮಧ್ಯಾಹ್ನ ಎರಡಕ್ಕೆ ಮುಗಿಯಲಿ, ಸಂಜೆಗೆ ಜೀರಿಗೆ ಕೊತ್ತಂಬರಿಯ ಕಷಾಯ ಮಾಡಿಕೊಳ್ಳಿ. ಮಧ್ಯಾಹ್ನದ ಜೊಂಪು 3 ಗಂಟೆಯೊಳಗೆ, ಅಲಾರಂ ಇಟ್ಟು 20ರಿಂದ 30 ನಿಮಿಷ.

ಸಂಜೆ ಕಾಲು ಊದಿಕೊಳ್ಳುವವರಿಗೆ ಇನ್ನೊಂದು ಉಪಾಯ. ಮಲಗಿದಾಗ ಕಾಲಿನ ನೀರು ರಕ್ತಕ್ಕೆ ಹಿಂತಿರುಗಿ ಮೂತ್ರವಾಗುತ್ತದೆ. ನಾಲ್ಕು ಗಂಟೆಯ ಹೊತ್ತಿಗೆ ಅರ್ಧ ಗಂಟೆ ಕಾಲನ್ನು ದಿಂಬಿನ ಮೇಲೆತ್ತಿ ಕುಳಿತರೆ ಆ ನೀರು ಸಂಜೆಗೇ ಹೊರಹೋಗುತ್ತದೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ವೈದ್ಯರನ್ನೇ ಕೇಳಿ.

ಹಂತ 8: ರಾತ್ರಿಯ ಕ್ರಮ

ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಬಿಸಿನೀರ ಸ್ನಾನ. ಬಚ್ಚಲ ಹಂಡೆಯ ನೀರು ನಮ್ಮ ಹಿರಿಯರಿಗೆ ಕೊಡುತ್ತಿದ್ದ ಸುಖದ ಹಿಂದೆ ಕಾರಣವಿದೆ. ಚರ್ಮಕ್ಕೆ ರಕ್ತ ಹರಿದು, ಆಮೇಲೆ ಮೈಯ ಒಳಗಿನ ಶಾಖ ಇಳಿಯುತ್ತದೆ, ಆ ಇಳಿತವೇ ನಿದ್ದೆಗೆ ಕರೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ, ಮುಟ್ಟು ನಿಂತ ಬಳಿಕ ಮೈ ಬಿಸಿಯೇರುವವರಿಗಂತೂ, ಫ್ಯಾನು ಮತ್ತು ಮೆತ್ತನೆಯ ಹಳೆಯ ಹತ್ತಿ ಸೀರೆಯ ಹೊದಿಕೆ ಸಾಕು.

ಗಲ್ಫಿನಲ್ಲಿರುವ ಮಕ್ಕಳ ಕರೆಯ ಬಗ್ಗೆ ಹೇಳಲೇಬೇಕು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಮಗ ಕೆಲಸ ಮುಗಿಸಿ ಅಲ್ಲಿನ ಒಂಬತ್ತಕ್ಕೆ ಕರೆ ಮಾಡಿದರೆ ಇಲ್ಲಿ ಹತ್ತೂವರೆ. ಮುಖ ನೋಡಿದ ಸಂತೋಷ, ಅವನು ಸೊರಗಿದ್ದಾನೆ ಎಂಬ ಚಿಂತೆ, ಎರಡೂ ನಿದ್ದೆಯನ್ನು ದೂರ ಓಡಿಸುತ್ತವೆ. ವಾರದ ದಿನ ಬೆಳಿಗ್ಗೆ ಐದು ನಿಮಿಷ, ಅವರ ರಜೆಯ ದಿನ ಹಗಲು ಉದ್ದದ ಮಾತು ಎಂದು ಮಕ್ಕಳೊಂದಿಗೆ ಗೊತ್ತುಮಾಡಿಕೊಳ್ಳಿ. ಕಾರಣ ಹೇಳಿದರೆ ಮಕ್ಕಳು ಖಂಡಿತ ಒಪ್ಪುತ್ತಾರೆ.

ಇನ್ನು ಹಾಸಿಗೆಯ ಲೆಕ್ಕ. ನೀವು ನಿಜವಾಗಿ ನಿದ್ದೆ ಮಾಡುವ ಹೊತ್ತಿಗೆ ಅರ್ಧ ಗಂಟೆ ಸೇರಿಸಿ, ಅಷ್ಟೇ ಹೊತ್ತು ಹಾಸಿಗೆಯಲ್ಲಿರಿ. ಆದರೆ 6 ಗಂಟೆಗಿಂತ ಕಡಿಮೆ ಮಾಡಬೇಡಿ. ಕಲ್ಸಂಕದ ಅಮ್ಮನಿಗೆ ನಾನು ಗೊತ್ತುಮಾಡಿದ್ದು ರಾತ್ರಿ 11ರಿಂದ ಬೆಳಿಗ್ಗೆ 5. ಏಳುವ ಹೊತ್ತು ಬದಲಾಗಬಾರದು, ಹಿಂದಿನ ರಾತ್ರಿ ಹೇಗೇ ಇದ್ದಿರಲಿ. ಒಂದು ವಾರ ಹಂತ 2ರ ಲೆಕ್ಕ ಶೇಕಡಾ 85 ಬಂದರೆ 15 ನಿಮಿಷ ಮೊದಲು ಮಲಗಿ. ಮೊದಲ ಎರಡು ವಾರ ಕಷ್ಟ, ಹಗಲು ತೂಕಡಿಕೆ ಬರುತ್ತದೆ, ಆಗ ಒಲೆಯ ಮುಂದೆ ಎಚ್ಚರ. ಅಪಸ್ಮಾರ ಅಥವಾ ತೀವ್ರ ಮಾನಸಿಕ ಕಾಯಿಲೆ ಇದ್ದವರು, ಪದೇ ಪದೇ ಬೀಳುವವರು ಇದನ್ನು ತಾವಾಗಿ ಮಾಡಬಾರದು.

ಎಚ್ಚರವಾಗಿ ಸುಮಾರು 20 ನಿಮಿಷ ಕಳೆದಂತೆ ಅನಿಸಿದರೆ ಹಾಸಿಗೆ ಬಿಟ್ಟೇಳಿ. ಮೊದಲು ಅಂಚಿನಲ್ಲಿ ಒಂದು ನಿಮಿಷ ಕುಳಿತು, ಆಮೇಲೆ ನಿಲ್ಲಿ. ಮಂದ ದೀಪದಲ್ಲಿ ಕುರ್ಚಿಯ ಮೇಲೆ ಕುಳಿತು ಹತ್ತಿಯ ಬತ್ತಿ ಹೊಸೆಯಿರಿ, ಜಪಮಾಲೆ ಎಣಿಸಿ, ತಸ್ಬೀಹ್ ಹಿಡಿಯಿರಿ, ನಿಮ್ಮ ಮನಸ್ಸಿಗೆ ಒಗ್ಗುವುದು ಯಾವುದಾದರೂ ಸರಿ. ಮೊಬೈಲ್ ಬೇಡ. ಕಣ್ಣು ಕೂರತೊಡಗಿದಾಗ ಹಾಸಿಗೆಗೆ ಹಿಂತಿರುಗಿ. ಬಚ್ಚಲಿನ ದಾರಿಗೆ ನೆಲದ ಮಟ್ಟದಲ್ಲಿ ಪುಟ್ಟ ರಾತ್ರಿದೀಪ ಇರಲೇಬೇಕು.

ಹಂತ 9: ಮಾತ್ರೆ, ಮತ್ತು ಮನೆಯಲ್ಲಿ ತೀರದ ತೊಂದರೆಗಳು

ಆಲ್ಪ್ರಜೋಲಾಂನಂಥ, ನಿದ್ದೆಗೆಂದು ನುಂಗುವ ಮಾತ್ರೆಗಳು ವಯಸ್ಸಾದವರಲ್ಲಿ ಬೀಳುವ, ಮರೆವಿನ, ಗೊಂದಲದ ಅಪಾಯವನ್ನು ಹೆಚ್ಚಿಸುತ್ತವೆ. ನೆರೆಮನೆಯವರ ಮಾತ್ರೆಯನ್ನು ಅರ್ಧ ಮುರಿದು ನುಂಗುವ ರೂಢಿ ನಿಲ್ಲಲಿ. ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿರುವವರು ಒಮ್ಮೆಗೇ ನಿಲ್ಲಿಸಲೂಬಾರದು, ಅದು ಅಪಾಯಕಾರಿ. ವೈದ್ಯರ ಉಸ್ತುವಾರಿಯಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಹೆಚ್ಚು. ಹೆಂಗಸರಲ್ಲಿ ಅದು ಬರೀ ನಿದ್ರಾಹೀನತೆ, ಆಯಾಸ, ಬೆಳಗಿನ ತಲೆನೋವಾಗಿ ತೋರಬಹುದು, ಹಾಗಾಗಿ ಪತ್ತೆಯಾಗದೆ ಉಳಿಯುತ್ತದೆ. ಮಲಗಿದ ಕೂಡಲೇ ಕಾಲು ಆಡಿಸಲೇಬೇಕೆನಿಸುವವರು ರಕ್ತದಲ್ಲಿನ ಕಬ್ಬಿಣದ ಸಂಗ್ರಹವನ್ನು ಪರೀಕ್ಷಿಸಿಕೊಳ್ಳಿ. ಎರಡು ವಾರಕ್ಕೂ ಮಿಕ್ಕಿ ಯಾವುದರಲ್ಲೂ ಮನಸ್ಸಿಲ್ಲದೆ ಅಳು ಬರುತ್ತಿದ್ದರೆ ಅದನ್ನು ವಯಸ್ಸಿನ ಲಕ್ಷಣವೆಂದು ನುಂಗಿಕೊಳ್ಳಬೇಡಿ, ಅದಕ್ಕೆ ಚಿಕಿತ್ಸೆ ಇದೆ.

ಹಂತ 10: ಹದಿನಾರು ವಾರ

ಮೂರು ದಿನ ನಡೆದು ನಿದ್ದೆ ಬರಲಿಲ್ಲವೆಂದು ಬಿಟ್ಟವರು ಲೆಕ್ಕವಿಲ್ಲದಷ್ಟು. ನಿದ್ರಾಹೀನತೆಯಿದ್ದ 11 ಮಹಿಳೆಯರನ್ನು 16 ವಾರ ಗಮನಿಸಿ 2013ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಪುಟ್ಟ ಅಧ್ಯಯನವೊಂದು ಇಲ್ಲಿ ಕಣ್ತೆರೆಸುವಂಥದ್ದು. ಇಂದಿನ ವ್ಯಾಯಾಮದಿಂದ ಇಂದೇ ರಾತ್ರಿಯ ನಿದ್ದೆ ಉತ್ತಮವಾಗಲಿಲ್ಲ. ರಾತ್ರಿ ನಿದ್ದೆ ಕೆಟ್ಟರೆ ಮರುದಿನದ ವ್ಯಾಯಾಮ ಮೊಟಕಾಯಿತು. ಸುಧಾರಣೆ ಬಂದದ್ದು ತಿಂಗಳುಗಳ ಬಳಿಕ. ಹಾಗಾಗಿ ನಿದ್ದೆಗೆಟ್ಟ ಮರುದಿನಕ್ಕೆ ನನ್ನದೊಂದು ನಿಯಮ: ಅರ್ಧ ಮಾಡಿ, ಬಿಡಬೇಡಿ. 30 ನಿಮಿಷದ ಬದಲು 15, ಹತ್ತರ ಬದಲು ಐದು.

ಕಲ್ಸಂಕದ ಅಮ್ಮ ಆರನೆಯ ವಾರದಲ್ಲಿ ಕೈಯೂರದೆ ನಾಲ್ಕು ಸಲ ಎದ್ದರು, ನಿದ್ದೆಯಲ್ಲಿ ಆಗಿನ್ನೂ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಹದಿನಾಲ್ಕನೆಯ ವಾರ ಒಂಬತ್ತು ಸಲ ಎದ್ದರು. ಎರಡೂವರೆಗೆ ಎಚ್ಚರವಾಗುವುದು ಈಗಲೂ ಇದೆ, ಬಚ್ಚಲಿಗೆ ಹೋಗಿ ಬಂದು ಮತ್ತೆ ಮಲಗುತ್ತಾರೆ, ಮಲಗಿದ ಮೇಲೆ ನಿದ್ದೆ ಬರುತ್ತದೆ. ನೀವೂ ನಾಲ್ಕು ವಾರಕ್ಕೊಮ್ಮೆ ಹಂತ 3ರ ಮೂರು ಅಳತೆಗಳನ್ನು ಅದೇ ಕುರ್ಚಿ, ಅದೇ ಹೊತ್ತು ನೋಡಿ ಮಾಡಿ ಪುಸ್ತಕದಲ್ಲಿ ಬರೆದುಕೊಳ್ಳಿ. ಹದಿನಾರು ವಾರ ಕಳೆದ ಮೇಲೂ ಹಂತ 2ರ ಲೆಕ್ಕ ಶೇಕಡಾ 75 ದಾಟದಿದ್ದರೆ ಆ ಪುಸ್ತಕವನ್ನೇ ಕೈಚೀಲದಲ್ಲಿಟ್ಟುಕೊಂಡು ವೈದ್ಯರ ಬಳಿಗೆ ಹೋಗಿ.